ಹತ್ತು ಗಂಟೆಯ ಗುಲಾಬಿ

ಕೆಂಪು ಎಂದರೆ ಕೆಂಪು ಎಂದು ನಂಬಿಕೊಂಡು ನೆಮ್ಮದಿಯಾಗಿರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನೂ ಹಾಗೆಯೇ ಇದ್ದವನು. ಪೀಣ್ಯದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ಕೂದಲೆಳೆಯ ವ್ಯತ್ಯಾಸ ಹಿಡಿದು, ನಿವೃತ್ತನಾದ ಮೇಲೆ ಸುಮ್ಮನಿರಲಾರದೆ ಹಳೆಯ ಅಂಚೆಚೀಟಿಗಳ ಸಹವಾಸಕ್ಕೆ ಬಿದ್ದೆ. ಬ್ರಿಟಿಷರ ಕಾಲದ ಒಂದಾಣೆಯ ಚೀಟಿ. ಅದರಲ್ಲಿ ಕಿರೀಟ ತೊಟ್ಟ ಗಡ್ಡದ ದೊರೆ. ನಿಮ್ಮ ಕಣ್ಣಿಗೆ ಅದು ಕೆಂಪು. ಕ್ಯಾಟಲಾಗಿನ ಪ್ರಕಾರ ಅದು ಕಾರ್ಮೈನ್ ಎಂಬ ಕಡುಗೆಂಪು ಇರಬಹುದು, ತೆಳು ಕಾರ್ಮೈನ್ ಇರಬಹುದು, ಗುಲಾಬಿಯ ಸುಳಿವಿರುವ, ಅಪರೂಪದ ರೋಸ್ ಕಾರ್ಮೈನ್ ಕೂಡ ಇರಬಹುದು. ಅಲ್ಲಿ ಬಣ್ಣವನ್ನು ಮಾತ್ರ ಅಚ್ಚು ಹಾಕಿರುವುದಿಲ್ಲ, ಹೆಸರಷ್ಟೇ. ಹೋಟೆಲಿನ ಬೋರ್ಡು ಓದಿ ಸಾಂಬಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಹೇಳು ಎಂದ ಹಾಗೆ.

ನನ್ನ ಹೆಂಡತಿ ಶಾರದೆಗೆ ಈ ಕಷ್ಟವೇ ಇಲ್ಲ. ಈರುಳ್ಳಿ ಸಿಪ್ಪೆ, ಬದನೆಕಾಯಿ, ನವಿಲಿನ ಕತ್ತು, ಮಾವಿನ ಚಿಗುರು ಎಂದು ಅವಳ ಬಳಿ ಸೀರೆಯ ಬಣ್ಣಗಳ ದೊಡ್ಡ ಪಟ್ಟಿಯೇ ಇದೆ. ಯಲಹಂಕದ ಮ್ಯಾಚಿಂಗ್ ಸೆಂಟರಿಗೆ ರವಿಕೆ ಬಟ್ಟೆ ತರಲು ಹೋದರೆ ಅಂಗಡಿಯ ದೀಪವನ್ನು ಅವಳು ನಂಬುವುದೇ ಇಲ್ಲ. ಸೀರೆಯನ್ನೂ ಬಟ್ಟೆಯನ್ನೂ ಎತ್ತಿಕೊಂಡು ನೇರ ಬೀದಿಗೆ ಬರುತ್ತಾಳೆ. ಹಿಂದೆಯೇ ಅಂಗಡಿಯವನು, ಅವನ ಹಿಂದೆ ನಾನು. ಬಸ್ಸು, ಆಟೋಗಳ ಮಧ್ಯೆ ಬೆಳಕಿಗೆ ಹಿಡಿದು ನೋಡಿ, "ಇದಲ್ಲ, ಬೇರೆ ತೆಗೀರಿ" ಎನ್ನುತ್ತಾಳೆ. ಆಗೆಲ್ಲ ನಾನು ಯಾರೋ ಪರಿಚಯವಿಲ್ಲದವನಂತೆ ಎಳನೀರಿನ ಗಾಡಿಯ ಕಡೆ ನೋಡುತ್ತ ನಿಂತಿರುತ್ತೇನೆ.

ಆರ್.ಟಿ. ನಗರದಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಅಂಚೆಚೀಟಿ ಬಳಗದಲ್ಲಿ ಬಣ್ಣದ ವಿಷಯಕ್ಕೆ ರುದ್ರಪ್ಪನವರ ಮಾತೇ ಕೊನೆ. ಗದಗದ ಕಡೆಯವರು, ಇಲ್ಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳಿ ನಿವೃತ್ತರಾಗಿ ಟಿ. ದಾಸರಹಳ್ಳಿಯಲ್ಲಿದ್ದಾರೆ. ಹೋದ ವರ್ಷ ನಾನೊಂದು ಚೀಟಿ ಹಿಡಿದು "ಅಪರೂಪದ ಛಾಯೆ" ಎಂದು ಘೋಷಿಸಿದ್ದೆ. ಅವರು ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿದರು. ಅಪರೂಪವೆಲ್ಲ ಹತ್ತಿಗೆ ಬಂತು. ಯಾರದೋ ಎಲೆಯಡಿಕೆಯ ಕಲೆ! ಅಂದಿನಿಂದ ಬಳಗದಲ್ಲಿ ಬಣ್ಣದ ಮಾತು ಬಂದರೆ ಯಾರೂ ನನ್ನ ಕಡೆ ತಿರುಗುವುದಿಲ್ಲ. ಚಹಾ ಎಷ್ಟು ಹೇಳಬೇಕು ಎಂಬುದಕ್ಕೆ ಮಾತ್ರ ತಿರುಗುತ್ತಾರೆ. ಕಳೆದುಹೋದ ಆ ಮರ್ಯಾದೆಯನ್ನು ಹೇಗಾದರೂ ಮರಳಿ ಪಡೆಯಬೇಕಿತ್ತು.

ಆದ್ದರಿಂದ ಈ ಸಲ ಎಚ್ಚರದಿಂದ ಹೊರಟೆ. ನೇರ ಬಿಸಿಲು ಕೂಡದು, ದೀಪದ ಬೆಳಕು ಕೂಡದು, ಹಗಲಿನ ತಂಪು ಬೆಳಕೇ ಆಗಬೇಕು ಎಂದು ಪುಸ್ತಕದಲ್ಲಿ ಓದಿ, ಅಲ್ಲಾಳಸಂದ್ರದ ನಮ್ಮ ಮನೆಯ ಪಡುವಣ ಕಿಟಕಿಯ ಮುಂದೆ ಮೇಜು ಹಾಕಿಕೊಂಡೆ. ಸಮಯ ಸರಿಯಾಗಿ ಬೆಳಿಗ್ಗೆ ಹತ್ತು. ಎದುರುಗಡೆ ಮುನಿರಾಜಣ್ಣ ತಮ್ಮ ನಾಲ್ಕಂತಸ್ತಿನ ಬಾಡಿಗೆ ಕಟ್ಟಡಕ್ಕೆ ಹೊಸದಾಗಿ ಬಣ್ಣ ಹೊಡೆಸಿದ್ದರು. ಬೀದಿಯೆಲ್ಲ ಅದರ ಮಾತು. ನಾನು ಮಾತ್ರ ಭೂತಗನ್ನಡಿಯಿಂದ ತಲೆ ಎತ್ತಿರಲಿಲ್ಲ. ಎತ್ತುವುದಾದರೂ ಹೇಗೆ? ದೊರೆಯ ಗಡ್ಡದ ಸುತ್ತ ಗುಲಾಬಿ ಮೂಡಿತ್ತು! ರೋಸ್ ಕಾರ್ಮೈನ್! ಮಾರನೆಯ ದಿನ ಹತ್ತಕ್ಕೆ ನೋಡಿದೆ, ಗುಲಾಬಿ. ಮೂರನೆಯ ದಿನವೂ ಗುಲಾಬಿ. ಮೂರು ದಿನದ ಫಲಿತಾಂಶ ಬರೆದು, ಕೆಳಗೆ ನಾನೇ ಸಹಿ ಹಾಕಿದೆ.

ಭಾನುವಾರ ಬಳಗದಲ್ಲಿ ರುದ್ರಪ್ಪನವರು ಚೀಟಿಯನ್ನು ತಾರಸಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲೈತ್ರಿ ಗುಲಾಬಿ? ನಿಮ್ಮ ಕಣ್ಣಾಗ ಐತೇನು? ಇಂಥವು ನಮ್ಮ ಮನ್ಯಾಗ ಡಬ್ಬಿಗಟ್ಲೆ ಅದಾವ."

ನಾನೂ ನೋಡಿದೆ. ಗುಲಾಬಿ ಇರಲಿಲ್ಲ. ಆದರೂ ಬಿಡಲಿಲ್ಲ. "ನಾಳೆ ಹತ್ತು ಗಂಟೆಗೆ ನಮ್ಮನೆಗೆ ಬನ್ನಿ ಸಾರ್. ನಿಮ್ಮ ಡಬ್ಬೀನೂ ತನ್ನಿ" ಎಂದೆ.

ಬಂದರು. ಶುಭ್ರ ಬಿಳಿ ಅಂಗಿ, ಅದಕ್ಕಿಂತ ಬಿಳಿಯ ಮೀಸೆ. ಮೇಜಿನ ಮುಂದೆ ಕೂತು ನನ್ನ ಚೀಟಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ಅಬಬಬ! ಗುಲಾಬಿ ಐತಲ್ರೀ!"

ತಮ್ಮ ಡಬ್ಬಿಯಿಂದ ಒಂದು ತೆಗೆದರು. ಅದೂ ಗುಲಾಬಿ. ಇನ್ನೊಂದು, ಅದೂ! ಮೇಜಿನ ತುಂಬ ಅಪರೂಪದ ದೊರೆಗಳು. ರುದ್ರಪ್ಪನವರು ಡಬ್ಬಿ ಬದಿಗಿಟ್ಟು ಎದ್ದರು. "ಇಷ್ಟು ವರ್ಷ ನಾ ಕುರುಡ ಆಗಿದ್ದೆ ನೋಡ್ರಿ! ಕೆಮಿಸ್ಟ್ರಿ ಕಲಿಸಿದ್ದೆಲ್ಲಾ ಹಾಳಾತು!" ಎಂದು ನನ್ನ ಕೈ ಹಿಡಿದು ಕುಲುಕಿದರು. ಅರವತ್ತು ದಾಟಿದ ಇಬ್ಬರು, ಆ ಚಿಕ್ಕ ಕೋಣೆಯಲ್ಲಿ, ಕುರ್ಚಿ ಉರುಳಿದ್ದೂ ತಿಳಿಯದೆ ಕುಣಿದೆವು ಎಂಬುದನ್ನು ಸಾಕ್ಷಿಯಾಗಿ ಇಲ್ಲಿ ದಾಖಲಿಸುತ್ತೇನೆ.

ಸದ್ದು ಕೇಳಿ ಶಾರದೆ ಕಾಫಿಯೊಂದಿಗೆ ಬಂದಳು. ಮೇಜು ನೋಡಿದಳು, ನಮ್ಮನ್ನು ನೋಡಿದಳು.

"ರೀ, ರುದ್ರಪ್ಪನೋರ ಮೀಸೇನೂ ಗುಲಾಬಿ ಆಗಿದೆ. ಅದಕ್ಕೆ ನಿಮ್ ಪುಸ್ತಕದಲ್ಲಿ ಏನ್ ಹೆಸರು?"

ರುದ್ರಪ್ಪನವರು ಮೀಸೆ ಮುಟ್ಟಿಕೊಂಡರು. ಅಂಗಿಯೂ ಗುಲಾಬಿ. ನಾನು ಮೊದಲ ಬಾರಿಗೆ ತಲೆ ಎತ್ತಿದೆ. ಕಿಟಕಿಯ ತುಂಬ, ನಾಲ್ಕಂತಸ್ತಿನ ಉದ್ದಕ್ಕೂ, ಹತ್ತು ಗಂಟೆಯ ಬಿಸಿಲಿನಲ್ಲಿ ಮುನಿರಾಜಣ್ಣನ ಗೋಡೆ ಕಣ್ಣು ಕುಕ್ಕುವ ರಾಣಿ ಗುಲಾಬಿಯಾಗಿ ಉರಿಯುತ್ತಿತ್ತು.

"ಗೋಡೆ ಕಣ್ರೀ! ಒಂದು ರವಿಕೆ ಬಟ್ಟೇನೇ ನಾವು ಬೀದಿಗೆ ತಂದು ನೋಡ್ತೀವಿ. ನೀವು ಬಾಗಿಲಿಗೂ ಹೋಗ್ಲಿಲ್ವಾ?"

ನಾನು ಸಹಿ ಹಾಕಿದ ಫಲಿತಾಂಶವನ್ನು ಮಡಚಿ ಜೇಬಿಗೆ ಸೇರಿಸಿದೆ. ರುದ್ರಪ್ಪನವರು ಚೀಟಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿಕೊಳ್ಳುತ್ತ ಮೆಲ್ಲಗೆ, "ಬಳಗದಾಗ ಹೇಳೂದು ಬ್ಯಾಡ್ರಿ" ಎಂದರು. ಹೋದ ಮರ್ಯಾದೆ ಬರಲಿಲ್ಲ, ನಿಜ. ಆದರೆ ಅದಕ್ಕೊಬ್ಬ ಜೊತೆಗಾರ ಸಿಕ್ಕಿದ.

ಮೊನ್ನೆ ಮುನಿರಾಜಣ್ಣ ಬಣ್ಣದ ಕಾರ್ಡು ಹಿಡಿದು ಬಂದರು. "ಸಾರ್, ಬೀದಿಯೋರೆಲ್ಲ ಕಣ್ಣುರಿ ಅಂತಾವ್ರೆ. ಬೆಳ್ಳಗೆ ಒಡ್ಸುಬುಡನಾ ಅಂತ. ಎದುರುಗಡೆ ಇರೋರು ನೀವು, ನೀವೇ ಏಳಿ."

ಶಾರದೆ ನನ್ನ ಮುಖ ನೋಡಿದಳು. ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷವಿತ್ತು. ಒಳಗೆ ಪಡುವಣ ಕಿಟಕಿಯ ಮುಂದೆ ರುದ್ರಪ್ಪನವರು ಡಬ್ಬಿ ತೆರೆದುಕೊಂಡು ಆಗಲೇ ಕಾಯುತ್ತ ಕೂತಿದ್ದರು. ಈಗ ವಾರಕ್ಕೆ ಎರಡು ಸಲ ಬರುತ್ತಾರೆ.

"ಯಾಕ್ ಮುನಿರಾಜಣ್ಣ, ಎಷ್ಟು ಚೆನ್ನಾಗಿದೆ!" ಎಂದೆ. "ಮಾಸೋಕೆ ಮಾತ್ರ ಬಿಡಬೇಡಿ. ಮುಂದಿನ ವರ್ಷ ಇದೇ ಬಣ್ಣ, ಇನ್ನೊಂದು ಕೋಟು ಹೊಡೆಸಿ."