ತಿಗರಿ ಮುಂದ ಕುಂತ ವಿಜ್ಞಾನ ಮಾಸ್ತರ

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನ ಮಾನ ಹೋಗಲು ದೊಡ್ಡ ಕಾರಣ ಬೇಕಿಲ್ಲ, ಒಂದು ಪ್ರಯೋಗ ಸಾಕು. ಸವದತ್ತಿ ಕಡೆಯ ಹಳ್ಳಿಯೊಂದರ ಸಾಲಿಯಲ್ಲಿ ನಾನು ಮಾಸ್ತರ. ಸಾಲಿಯ ಹಿಂದಿನ ಓಣಿಯಲ್ಲೇ ಕುಂಬಾರ ಅಜ್ಜನ ಮನೆ. ತಿರುಗುವ ವಸ್ತುಗಳ ಪಾಠ ಬಂದಾಗಲೆಲ್ಲ ಮಕ್ಕಳನ್ನು ಕರೆದೊಯ್ದು, ಅಜ್ಜ ಗಡಿಗೆ ಮಾಡುವ ತಿಗರಿಯ ಸುತ್ತ ಕೂರಿಸುತ್ತೇನೆ. ವರ್ಷಕ್ಕೊಂದು ಪಾಠ ಆಗುತ್ತದೆ, ಏನಾದರೊಂದು ಫಜೀತಿಯೂ ಆಗುತ್ತದೆ.

೧. ನೇರ ಅಲ್ಲ, ಅಡ್ಡ

ಮೊದಲ ವರ್ಷ ನಾನು ಭಾರೀ ಉತ್ಸಾಹದಲ್ಲಿದ್ದೆ. ಮಣ್ಣಿನ ಮುದ್ದೆಯೊಂದನ್ನು ದಾರದಿಂದ ತಿಗರಿಯ ನಡುವಿಗೆ ಕಟ್ಟಿ ಗರಗರ ತಿರುಗಿಸಿದೆ. "ಮುದ್ದಿ ಗ್ವಾಡಿ ಕಡೆ ಬಂದಾಗ ದಾರ ಕತ್ತರಸ್ತೇನಿ, ನೇರ ಗ್ವಾಡಿಗೇ ಹೋಗಿ ಬಡೀತೈತಿ" ಎಂದೆ. ನೋಡಲು ಹೆಡ್‌ಮಾಸ್ತರರೂ ಬಂದಿದ್ದರು, ಇಸ್ತ್ರಿಯ ಬಿಳಿ ಅಂಗಿಯಲ್ಲಿ.

"ಸರ್, ಗ್ವಾಡಿ ಹಂತ್ಯಾಕ ನಿಲ್ಲಬ್ಯಾಡ್ರಿ. ಈ ಬಾಜೂಕ ಬರ್ರಿ, ಇಲ್ಲಿ ಏನೂ ಆಗೂದಿಲ್ಲ" ಎಂದು ನಾನೇ ಕರೆದೆ.

ಬಂದು ನಿಂತರು. ದಾರ ಕತ್ತರಿಸಿದೆ. ಮುದ್ದೆ ಗೋಡೆಯತ್ತ ಕಣ್ಣೆತ್ತಿಯೂ ನೋಡದೆ, ಬಾಜೂಕ ಹಾರಿ ಹೆಡ್‌ಮಾಸ್ತರರ ಹೊಟ್ಟೆಗೆ ಪಚಕ್ಕನೆ ಅಂಟಿತು.

ಅಜ್ಜ ಹೇಳಿದ, "ಮಾಸ್ತರ್ರ, ಬಿಟ್ಟ ಗಳಿಗ್ಯಾಗ ಯಾ ಕಡೆ ಹೊಂಟಿತ್ತೋ ಆ ಕಡೇನ ಹೊಕ್ಕೈತ್ರಿ ಅದು. ನಿಮ್ಮನ್ನ ಕೇಳಿ ಹೋಗೂದಿಲ್ಲ."

ಅಜ್ಜ ಹೇಳಿದ್ದೇ ಖರೆ. ಹೆಡ್‌ಮಾಸ್ತರರು ಅಂಗಿ ನೋಡಿಕೊಂಡರು, ನನ್ನನ್ನೂ ನೋಡಿದರು. ಮೆತ್ತಗೆ ಕೇಳಿದರು:

"ಪಾಠ ಮುಗೀತೇನ್ರಿ, ಇಲ್ಲಾ ಪ್ಯಾಂಟಿಗೂ ಒಂದು ಐತ್ರಿ?"

೨. ತಿಗರಿ ಯಾಕೆ ನಿಲ್ಲುತ್ತದೆ?

ಆ ವರ್ಷದ ಪರೀಕ್ಷೆಗೆ ಎರಡು ಪ್ರಶ್ನೆ ಹಾಕಿದ್ದೆ. ಮೊದಲನೆಯದು: 'ಕೋಲಿನಿಂದ ತಿರುಗಿಸಿ, ಕೋಲು ತೆಗೆದ ಮೇಲೂ ತಿಗರಿ ಏಕೆ ತಿರುಗುತ್ತಲೇ ಇರುತ್ತದೆ?' ಜಡತ್ವ ಅಂತ ಬರೆಯಬೇಕಿತ್ತು. ಒಬ್ಬ ಹುಡುಗಿ ಬರೆದಿದ್ದಳು: 'ಅದನ್ನು ಯಾರೂ ನಿಲ್ಲಿಸಲಿಲ್ಲ, ಅದಕ್ಕೆ.'

ಕೆಂಪು ಗೆರೆ ಎಳೆದೆ. ಮರುದಿನ ಪತ್ರಿಕೆ ಹಿಡಿದು ಬಂದಳು. "ಸರ್, ಯಾರೂ ತಡೀದಿದ್ರ ತಿರುಗ್ತನ ಇರತೈತಿ ಅಂತ ನೀವ ಹೇಳಿದ್ರಲ್ರಿ?"

ಹೇಳಿದ್ದೆ. ಪೂರ್ತಿ ಅಂಕ ಕೊಟ್ಟೆ. ಅವಳು ಎರಡನೆಯ ಪ್ರಶ್ನೆಯನ್ನೂ ಮುಂದೆ ಹಿಡಿದಳು: 'ತಿಗರಿ ಕೊನೆಗೆ ಏಕೆ ನಿಲ್ಲುತ್ತದೆ?' ಘರ್ಷಣೆ ಅನ್ನುವುದು ಉತ್ತರ.

ಅವಳು ಬರೆದಿದ್ದಳು: 'ಅಜ್ಜನನ್ನು ಅಜ್ಜಿ ಊಟಕ್ಕೆ ಕರೆಯುತ್ತಾಳೆ.'

೩. ಉಲ್ಟಾ ತಿಗರಿ

ಅಜ್ಜ ಮೋಟಾರಿನ ತಿಗರಿ ತಂದ. ತಂತಿ ಜೋಡಿಸುವ ಕೆಲಸ ನಾನೇ ಮೈಮೇಲೆ ಹಾಕಿಕೊಂಡೆ. ಬಟನ್ ಒತ್ತಿದರೆ ಅದು ಹಳೆಯ ತಿಗರಿಗೆ ಉಲ್ಟಾ ತಿರುಗಿತು. ಮಣ್ಣು ಅಜ್ಜನ ಕೈಗೆ ಒಗ್ಗದೆ ಕುಣಿದಾಡಿ, ಗಡಿಗೆ ಆಗಬೇಕಾದದ್ದು ಸೊಟ್ಟ ಟೋಪಿಯಾಯಿತು.

ನಾನು ಸೋಲಲಿಲ್ಲ. "ಎಡಕ್ಕ ತಿರುಗಿದ್ರೇನು, ಬಲಕ್ಕ ತಿರುಗಿದ್ರೇನು ಅಜ್ಜಾ? ವಿಜ್ಞಾನದಾಗ ಎರಡೂ ಒಂದ."

ಅಜ್ಜ ಕೈ ತೊಳೆದುಕೊಳ್ಳುತ್ತಾ ಅಂದ:

"ಹಂಗಾರ ನಾಳಿಗೆ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ಕೊಂಡು ಸಾಲಿಗೆ ಬರ್ರಿ ಮಾಸ್ತರ್ರ. ಎರಡೂ ಚಪ್ಪಲೀನ ಅಲ್ಲೇನ್ರಿ?"

೪. ಕೇಂದ್ರಾಭಿಮುಖ

ರಾಮದುರ್ಗದಲ್ಲಿ ವಿಜ್ಞಾನ ಪ್ರದರ್ಶನ. ಅಜ್ಜನನ್ನೂ ಅವನ ಹಳೆಯ ತಿಗರಿಯನ್ನೂ ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಹೋದೆವು. ನಮ್ಮ ಸಾಲಿಗೆ ಅದುವರೆಗೆ ಒಂದು ಬಹುಮಾನವೂ ಬಂದಿರಲಿಲ್ಲ. ಮಕ್ಕಳು ತಿಗರಿಯ ಸುತ್ತ ನಿಂತಿದ್ದರು.

ನಿರ್ಣಾಯಕರು ಬಂದರು. ಕಾಲೇಜಿನ ಪ್ರಾಧ್ಯಾಪಕರು, ಕೊರಳಲ್ಲಿ ಉದ್ದ ದಾರದ ಗುರುತಿನ ಚೀಟಿ. ತಿಗರಿಯ ಮೇಲೆ ಗಡಿಗೆ ಮಾಡುತ್ತಿದ್ದ ಅಜ್ಜನನ್ನು ಕೇಳಿದರು:

"ಮಣ್ಣು ಹೊರಗ ಹೋಗದಂಗ ಒಳಗ ಒತ್ತಿ ಹಿಡೀತೀರಲ್ಲ, ಆ ಬಲಕ್ಕ ಏನಂತಾರ?"

"ನಾವು ಹಿಡಿತ ಅಂತೇವ್ರಿ."

"ಅದು ಕೇಂದ್ರಾಭಿಮುಖ ಬಲ! ಹೆಸರ ಗೊತ್ತಿಲ್ಲಂದ್ರ ಹೆಂಗ? ಸರೀರಿ, ನಾ ತೋರಸ್ತೇನಿ."

ಕುಂತರು, ತೋಳು ಮಡಚಿದರು, ಬಾಗಿದರು. ಗುರುತಿನ ಚೀಟಿ ಹಸಿ ಮಣ್ಣಿಗೆ ಅಂಟಿತು. ತಿಗರಿ ನಿಲ್ಲಲಿಲ್ಲ. ದಾರ ಮಣ್ಣಿನ ಮುದ್ದೆಗೆ ಸುತ್ತಿಕೊಳ್ಳುತ್ತ ಹೋಯಿತು, ಪ್ರಾಧ್ಯಾಪಕರ ತಲೆ ಕೆಳಗೆ ಕೆಳಗೆ ಬಾಗಿತು. ಹಿಂದೆ ನಿಂತವರು, ಸಾಹೇಬರು ತಿಗರಿಗೆ ನಮಸ್ಕಾರ ಮಾಡುತ್ತಿದ್ದಾರೆಂದು ತಿಳಿದು ತಾವೂ ಕೈ ಮುಗಿದರು. ಅಜ್ಜ ಅಂಗೈ ಒತ್ತಿ ತಿಗರಿ ನಿಲ್ಲಿಸುವ ಹೊತ್ತಿಗೆ ಅವರ ಮೂಗು ಮಣ್ಣಿನಲ್ಲಿ ನೆಟ್ಟಿತ್ತು.

ಬಹುಮಾನ ಹೋದಂತೆಯೇ ಎಂದು ನಾನು ಕಣ್ಣು ಮುಚ್ಚಿದೆ. ಆದರೆ ಅವರು ದೊಡ್ಡ ಮನಸ್ಸಿನವರು. ಮುಖ ಎತ್ತಿ ತಾವೇ ಮೊದಲು ನಕ್ಕರು, ಮಣ್ಣುಗೈಯಲ್ಲೇ ನಮ್ಮ ಸಾಲಿಯ ಹೆಸರಿನ ಮುಂದೆ 'ಪ್ರಥಮ' ಎಂದು ಬರೆದರು.

ಅಜ್ಜ ತನ್ನ ಟವೆಲಿನಿಂದ ಅವರ ಮೂಗು ಒರೆಸುತ್ತಾ ಸಮಾಧಾನ ಮಾಡಿದ:

"ಹೆಸರ ಅಗದೀ ಬರೋಬ್ಬರಿ ಇಟ್ಟೀರ್ರಿ ಸಾಹೇಬ್ರ. ಕೇಂದ್ರ ಎಲ್ಲಿತ್ತೋ, ನಿಮ್ಮ ಮುಖಾನೂ ಅಲ್ಲೇ ಇತ್ತು!"