ಓಖಾದಲ್ಲಿ ಚಂದ್ರ ಮೂಡುವ ದಿಕ್ಕು

ಕಡಲಿನ ಬಗ್ಗೆ ಅತ್ಯಂತ ಖಚಿತವಾದ ಅಭಿಪ್ರಾಯಗಳನ್ನು ಹೊಂದಿರುವವರು ಕಡಲಿನಿಂದ ಅತ್ಯಂತ ದೂರದಲ್ಲಿರುವವರು ಎಂಬುದು ನನ್ನ ಅನುಭವ. ನಾಗಪುರದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕನಿಷ್ಠ ಒಂದು ರಾತ್ರಿಯ ರೈಲಿನಷ್ಟು ದೂರದಲ್ಲಿದೆ. ಆದ್ದರಿಂದ ಇಲ್ಲಿ ಕುಳಿತು ಅದರ ವಿಷಯದಲ್ಲಿ ಏನು ಹೇಳಿದರೂ ತಕ್ಷಣ ತಪ್ಪೆಂದು ತೋರಿಸುವ ಸೌಕರ್ಯ ಯಾರಿಗೂ ಇಲ್ಲ. ಈ ಸುರಕ್ಷಿತ ಸ್ಥಾನದಿಂದ ನಾನು ಅನೇಕ ವರ್ಷ ಕಡಲೂರುಗಳಿಗೆ ಅಂಕ ಕೊಡುತ್ತ ಬಂದಿದ್ದೇನೆ. ಎಲ್ಲ ಕಡಲೂರುಗಳಿಗೂ ಅಲ್ಲ, ರೈಲುಹಳಿ ಮುಗಿಯುವ ಕಡಲೂರುಗಳಿಗೆ ಮಾತ್ರ. ರೈಲು ಒಂದು ನಿಮಿಷ ನಿಂತು, ಸಮುದ್ರವನ್ನು ಕಿಟಕಿಯಿಂದ ತೋರಿಸಿ, ಮುಂದಕ್ಕೆ ಹೋಗಿಬಿಡುವ ಊರುಗಳ ಮೇಲೆ ನನಗೆ ಗೌರವವಿಲ್ಲ. ಹಳಿ ಅಲ್ಲಿಗೆ ನಿಲ್ಲಬೇಕು, ಕೊನೆಯಲ್ಲಿ ಅಡ್ಡ ಹಾಕಿದ ದಿಮ್ಮಿಯಿರಬೇಕು, ಅದನ್ನು ನಾನು ಕೈಯಿಂದ ಮುಟ್ಟಬೇಕು, ಅನಂತರ ಗಾಳಿಯಲ್ಲಿ ಉಪ್ಪಿರಬೇಕು. ಈ ಪರೀಕ್ಷೆಯಲ್ಲಿ ಪುರಿ ಪಾಸಾಗಿದೆ, ರಾಮೇಶ್ವರ ಮೊದಲ ದರ್ಜೆಯಲ್ಲಿ ಪಾಸಾಗಿದೆ. ಮಚಲಿಪಟ್ಟಣದಲ್ಲಿ ನಿಲ್ದಾಣದಿಂದ ಕಡಲಿಗೆ ಆಟೋ ಹಿಡಿಯಬೇಕಾದ್ದರಿಂದ ಅರ್ಧ ಅಂಕ ಕಡಿತವಾಗಿದೆ. ಮುಂಬಯಿಯನ್ನು ಪರೀಕ್ಷೆಗೇ ಕೂರಿಸಿಲ್ಲ. ಅಲ್ಲಿ ಹಳಿ ಮುಗಿಯುತ್ತದೆ, ಊರು ಮುಗಿಯುವುದಿಲ್ಲ.

ನನ್ನ ವೃತ್ತಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ಅನರ್ಥಗಳಿಗೆಲ್ಲ ಅದೇ ಕಾರಣ. ನಿವೃತ್ತನಾಗುವವರೆಗೆ ನಾನು ಶಾಸನಗಳ ಕಾಲನಿರ್ಣಯ ಮಾಡುತ್ತಿದ್ದೆ. ಹಳೆಯ ಕಲ್ಲೊಂದು ಇಂಥ ಶಕವರ್ಷ, ಇಂಥ ಮಾಸ, ಇಂಥ ತಿಥಿ, ಸೋಮವಾರ ಎಂದು ಹೇಳಿದರೆ ನಾವು ಅದನ್ನು ಹಾಗೆಯೇ ನಂಬುವುದಿಲ್ಲ. ಆ ತಿಥಿ ನಿಜವಾಗಿಯೂ ಸೋಮವಾರ ಬಂದಿತ್ತೇ ಎಂದು ಲೆಕ್ಕ ಹಾಕುತ್ತೇವೆ. ಬಂದಿದ್ದರೆ ಕಲ್ಲು ಪ್ರಾಮಾಣಿಕ. ಮಂಗಳವಾರ ಬಂದಿದ್ದರೆ ಕಲ್ಲಿನ ಮೇಲೆ ಸಂಶಯ. ಬರೆಸಿದವನು ಅರಸನಾದರೂ ಸರಿಯೇ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಅರಸರನ್ನು ಸಂಶಯಿಸಿದವನು ಮನೆಗೆ ಬಂದು ಹೆಂಡತಿಯ ಮಾತನ್ನು ಸುಮ್ಮನೆ ಒಪ್ಪಿಕೊಳ್ಳುತ್ತಾನೆಂದು ನಿರೀಕ್ಷಿಸುವುದು ಅನ್ಯಾಯ.

ನನ್ನ ಹೆಂಡತಿ ಸುಮತಿ ಧಾರವಾಡದವಳು. ಮದುವೆಯಾಗಿ ನಾಗಪುರಕ್ಕೆ ಬರುವವರೆಗೆ ಉಣಕಲ್ ಕೆರೆಗಿಂತ ದೊಡ್ಡ ನೀರನ್ನು ನೋಡಿದವಳಲ್ಲ. ಕೇಂದ್ರ ಸರ್ಕಾರದ ನೌಕರನಿಗೆ ಆಗಾಗ ಸಿಗುವ ಎಲ್‌ಟಿಸಿ ಪ್ರವಾಸದ ಸೌಲಭ್ಯವನ್ನು ನನ್ನ ಸಹೋದ್ಯೋಗಿಗಳು ಕಾಶ್ಮೀರಕ್ಕೋ ಊಟಿಗೋ ಬಳಸಿದರು. ನಾನು ರೈಲ್ವೆ ವೇಳಾಪಟ್ಟಿ ಬಿಚ್ಚಿ, ಯಾವ ಕೋಷ್ಟಕದ ಕೆಳಗಿನ ಕೊನೆಯ ಹೆಸರು ನೀರಿಗೆ ತಾಗಿದೆ ಎಂದು ಹುಡುಕಿ, ಅಲ್ಲಿಗೆ ಅವಳನ್ನು ಕರೆದುಕೊಂಡು ಹೋದೆ. ಮೊದಲ ಸಲ ಓಖಾ, ಗುಜರಾತಿನ ತುದಿ. ಎರಡನೆಯ ಸಲ ಪುರಿ. ಎರಡೂ ಮಗಳು ಮೇಧಾ ಹುಟ್ಟುವ ಮುಂಚೆ.

ಜಗಳ ಹುಟ್ಟಿದ್ದು ಈ ಎರಡು ಊರುಗಳ ನಡುವೆ. ಸುಮತಿಯ ಪ್ರಕಾರ ಓಖಾದಲ್ಲಿ ಒಂದು ಸಂಜೆ ಹುಣ್ಣಿಮೆಯ ಚಂದ್ರ ಸಮುದ್ರದೊಳಗಿನಿಂದ ಎದ್ದು ಬಂದ. ತಾಮ್ರದ ಕೊಡವನ್ನು ಯಾರೋ ಬಾವಿಯಿಂದ ಎತ್ತಿದಂತೆ, ನೀರು ಸುರಿಸುತ್ತ ಬಂದ. ಇದನ್ನು ಅವಳು ಮದುವೆಮನೆಗಳಲ್ಲಿ, ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ, ಮನೀಶ್ ನಗರದ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಹೇಳುತ್ತ ಬಂದಿದ್ದಾಳೆ. ಅವಳು ಹೇಳಿದಾಗಲೆಲ್ಲ ನಾನು ತಿದ್ದುತ್ತ ಬಂದಿದ್ದೇನೆ. ಓಖಾ ಪಶ್ಚಿಮ ತೀರದ್ದು. ಪಶ್ಚಿಮದ ಕಡಲಿನಲ್ಲಿ ಸಂಜೆ ಮುಳುಗುವವನು ಸೂರ್ಯ. ಚಂದ್ರ ಏಳಬೇಕಾದರೆ ಪೂರ್ವದ ಕಡಲು ಬೇಕು, ಅಂದರೆ ಪುರಿ. ಇದನ್ನು ಊಟದ ಮೇಜಿನ ಮೇಲೆ ಸ್ಟೀಲ್ ಲೋಟ ಸೂರ್ಯ, ಕಿತ್ತಳೆಹಣ್ಣು ಚಂದ್ರ ಎಂದು ಇಟ್ಟು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಪುರಿಯಲ್ಲಿ ಆ ನಾಲ್ಕು ದಿನವೂ ನನಗೆ ಜ್ವರವಿತ್ತು, ಲಾಡ್ಜಿನ ಖೋಲಿಯಿಂದ ಇಬ್ಬರೂ ಹೊರಗೇ ಬರಲಿಲ್ಲ, ಕಂಡದ್ದು ಗಂಜಿಯ ಪಾತ್ರೆ ಮಾತ್ರ ಎಂದು ಅವಳ ವಾದ. ಈ ವಾದದ ವಿರುದ್ಧ ನನ್ನ ಬಳಿ ಲಿಖಿತ ಆಧಾರವಿತ್ತು. ಓಖಾದ ಆ ದಿನದ ನನ್ನ ದಿನಚರಿಯಲ್ಲಿ ಚಂದ್ರನ ಪ್ರಸ್ತಾಪವೇ ಇಲ್ಲ.

ಇಷ್ಟೇ ಆಗಿದ್ದರೆ ಇದು ಎಲ್ಲ ದಂಪತಿಗಳ ಬಳಿಯೂ ಇರುವ ಒಂದು ಕಾಯಂ ಜಗಳವಾಗಿ ಉಳಿಯುತ್ತಿತ್ತು. ಆದರೆ ಕಳೆದ ವರ್ಷದಿಂದ ಸುಮತಿ ಸಣ್ಣಪುಟ್ಟದ್ದನ್ನು ಮರೆಯತೊಡಗಿದಳು. ಎರಡು ಸಲ ಹಾಲು ಒಲೆಯ ಮೇಲೆ ಸೀದು ಹೋಯಿತು. ಸೀತಾಬರ್ಡಿ ಪೇಟೆಗೆ ಹೋಗಿ ಒಂದೇ ಸೀರೆಗೆ ಒಂದೇ ಬಣ್ಣದ ಕುಪ್ಪಸದ ಬಟ್ಟೆಯನ್ನು ಎರಡು ವಾರದಲ್ಲಿ ಎರಡು ಸಲ ತಂದಳು. ಮೇಧಾಳನ್ನು ತನ್ನ ತಂಗಿಯ ಹೆಸರಿನಿಂದ ಕರೆದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಧಾ ಪ್ರತಿ ಭಾನುವಾರ ಬರುತ್ತಾಳೆ. ಅವಳು ನನ್ನನ್ನು ಬಾಲ್ಕನಿಗೆ ಕರೆದು, ಅವ್ವನನ್ನು ಒಮ್ಮೆ ಡಾಕ್ಟರಿಗೆ ಬರೋಬರ್ ತೋರಿಸೋಣ, ಜಲ್ದಿ ತೋರಿಸಿದರೆ ಚಲೋ ಎಂದಳು. ನಾನು ಒಪ್ಪಿದೆ. ಒಪ್ಪಿ, ಬೇರೆ ಗಂಡಂದಿರು ಬಹುಶಃ ಮಾಡದ ಒಂದು ಕೆಲಸ ಮಾಡಿದೆ. ವೈದ್ಯರಿಗೆ ಅನುಕೂಲವಾಗಲೆಂದು ಒಂದು ನೋಟ್‌ಬುಕ್ ತೆಗೆದು, ಅವಳ ಪ್ರತಿಯೊಂದು ಮರೆವನ್ನೂ ದಿನಾಂಕ, ವಾರ, ಸಾಕ್ಷಿಗಳ ಹೆಸರಿನೊಂದಿಗೆ ದಾಖಲಿಸಿದೆ. ಮೊದಲ ನಮೂದು, ಹಿನ್ನೆಲೆಯ ದೃಷ್ಟಿಯಿಂದ, ಓಖಾದ ಚಂದ್ರ.

ಆ ನೋಟ್‌ಬುಕ್ಕನ್ನು ನಾನು ಬಚ್ಚಿಟ್ಟದ್ದು ಪಂಚಾಂಗಗಳ ಕೆಳಗೆ. ಸುಮತಿ ಏಕಾದಶಿ ಯಾವಾಗ ಎಂದು ನೋಡಲು ಪಂಚಾಂಗ ತೆಗೆಯುವವಳು ಎಂಬ ಸಂಗತಿ, ಇಷ್ಟು ವರ್ಷ ಅವಳೊಂದಿಗೆ ಬದುಕಿದ ನನಗೆ ಹೊಳೆಯಲಿಲ್ಲ. ನಾನು ಸ್ನಾನ ಮುಗಿಸಿ ಬಂದಾಗ ಅವಳು ಕನ್ನಡಕ ಹಾಕಿಕೊಂಡು ಬರೆದಷ್ಟನ್ನೂ ಓದಿ ಮುಗಿಸಿದ್ದಳು. ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ಪುಸ್ತಕ ಮುಚ್ಚಿ, ಎಲ್ಲಿತ್ತೋ ಅಲ್ಲಿಯೇ ಇಟ್ಟು, ಬಹಳ ಮೆತ್ತಗೆ ಮಾತನಾಡಿದಳು.

“ಹಾಲು ಖರೆ. ಕುಪ್ಪಸಾನೂ ಖರೆ. ಡಾಕ್ಟರ್ ಕಡೆ ನಾ ಬರೂದಿಲ್ಲ ಅನ್ನೂದಿಲ್ಲ. ಆದರ ಮೊದಲ ಓಖಾಕ್ಕ ಕರಕೊಂಡು ಹೋಗ್ರಿ. ಅಲ್ಲಿ ಚಂದ್ರ ಬರಲಿಲ್ಲ ಅಂದ್ರ, ಆಮ್ಯಾಲ ನೀವು ಎಲ್ಲಿ ಕರಕೊಂಡು ಹೋದ್ರೂ ಬರ್ತೀನಿ. ನನ್ನ ತಲಿಯೊಳಗ ಏನು ಉಳದೈತಿ, ಏನು ಹೋಗೈತಿ, ನನಗೂ ಗೊತ್ತಾಗಬೇಕಲ್ರೀ?”

ನಾನು ಅಲ್ಲಿಯೇ ನಿರ್ಧರಿಸಿದೆ. ಸತ್ಯ ಯಾವ ಕಡೆಗಿದ್ದರೂ ಸರಿ, ಸ್ಥಳಪರೀಕ್ಷೆ ಆಗಲೇಬೇಕು. ಒಳಗೊಳಗೆ ನಾನು ಸೋಲಬೇಕೆಂದು ಹಾರೈಸುತ್ತಿದ್ದೆ. ನನ್ನ ವೃತ್ತಿಜೀವನದಲ್ಲಿ ಅದು ಹೊಸ ಅನುಭವ.

ನಾಗಪುರದವರಿಗೆ ದೇವರು ಒಂದು ರೈಲು ಕೊಟ್ಟಿದ್ದಾನೆ. ವಾರಕ್ಕೊಮ್ಮೆ ಪುರಿಯಿಂದ ಹೊರಟು ನಮ್ಮೂರನ್ನು ಹಾದು ಓಖಾಕ್ಕೆ ಹೋಗುತ್ತದೆ, ಮತ್ತೆ ಹಾಗೆಯೇ ಮರಳುತ್ತದೆ. ಎರಡು ತುದಿಗೂ ಕಡಲು, ಎರಡು ತುದಿಗೂ ನಮ್ಮ ಜಗಳದ ಒಂದೊಂದು ಪಕ್ಷ. ಆದರೆ ವಾರಕ್ಕೊಮ್ಮೆ ಬರುವ ರೈಲನ್ನೂ ತಿಂಗಳಿಗೊಮ್ಮೆ ಬರುವ ಹುಣ್ಣಿಮೆಯನ್ನೂ ಹೊಂದಿಸುವುದು ಸುಲಭವಲ್ಲ. ನಾನು ದೊಡ್ಡ ಹಾಳೆಯಲ್ಲಿ ಕೋಷ್ಟಕ ಹಾಕಿದೆ. ಅಡುಗೆಮನೆಯ ಗೋಡೆಯ ಮರಾಠಿ ಕ್ಯಾಲೆಂಡರ್ ಒಂದು ದಿನ ಹುಣ್ಣಿಮೆ ಎಂದರೆ, ಧಾರವಾಡದಿಂದ ತರಿಸಿದ ಪಂಚಾಂಗ ಮರುದಿನ ಎಂದಿತು. ತಿಥಿ ಮಧ್ಯಾಹ್ನ ಆರಂಭವಾಗುವ ತಿಂಗಳಲ್ಲಿ ಇದು ಸಹಜ. ಎರಡರ ಲೆಕ್ಕವನ್ನೂ ನಾನು ಮೂರು ದಿನ ಪರಿಶೀಲಿಸುತ್ತಿದ್ದಾಗ, ಎರಡೂ ದಿನ ಅಲ್ಲಿಯೇ ಇದ್ದರಾಯಿತಲ್ಲ ಎಂದು ಸುಮತಿ ತೊಗರಿಬೇಳೆ ಆರಿಸುತ್ತ ಹೇಳಿದಳು. ಮೇಧಾ ಫೋನಿನಲ್ಲಿ ಎರಡು ನಿಮಿಷದಲ್ಲಿ ಟಿಕೆಟ್ ತೆಗೆದಳು.

ಹೊರಡುವ ಮುನ್ನ ನಾನು ಸೀತಾಬರ್ಡಿಗೆ ಹೋಗಿ ಒಂದು ದಿಕ್ಸೂಚಿ ಕೊಂಡುಕೊಂಡೆ. ಅಂಗಡಿಯವನು ಅದನ್ನು ಒಳಗಿನಿಂದ ಹುಡುಕಿ, ಧೂಳು ಒರೆಸಿ ಕೊಡುತ್ತ, ಕಾಕಾ, ಇದು ಮೊಬೈಲಿನಲ್ಲೇ ಬರುತ್ತದೆ ಎಂದು ಮರಾಠಿಯಲ್ಲಿ ಹೇಳಿದ. ಮೊಬೈಲಿನ ಸಾಕ್ಷ್ಯವನ್ನು ಎದುರು ಪಕ್ಷ ಒಪ್ಪಲಾರದು ಎಂದೆ. ಅವನು ನನ್ನನ್ನು ವಕೀಲನೆಂದು ತಿಳಿದು, ಚಹಾ ತರಿಸುವುದಾಗಿ ಹೇಳಿ, ಸಾವನೇರಿನಲ್ಲಿರುವ ತನ್ನ ಅಣ್ಣನ ಜಮೀನಿನ ತಕರಾರನ್ನು ಪೂರ್ತಿಯಾಗಿ ಹೇಳಿದ. ಅದರಲ್ಲಿಯೂ ದಿನಾಂಕಗಳು ಹೊಂದುತ್ತಿರಲಿಲ್ಲ. ಹೇಳಿಬಿಟ್ಟೆ. ಆಮೇಲೆ ಅವನು ಚಹಾ ತರಿಸುವ ಮಾತನ್ನು ಕೈಬಿಟ್ಟ.

ರೈಲಿನಲ್ಲಿ ಸುಮತಿ ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟಳು, ಎದುರಿನ ಗುಜರಾತಿ ಅಜ್ಜಿಗೆ ಅರ್ಧ ಕೊಟ್ಟಳು, ತಾನು ತಿನ್ನಲಿಲ್ಲ. ಕ್ಯಾಲೆಂಡರ್ ಹೇಳಿದ ಹುಣ್ಣಿಮೆಗೆ ಒಂದು ದಿನ ಮುಂಚೆಯೇ ಓಖಾ ತಲುಪಿದೆವು. ನಾನು ಮೊದಲು ಹಳಿಯ ಕೊನೆಗೆ ನಡೆದು ಹೋಗಿ, ದಿಮ್ಮಿಯನ್ನು ಮುಟ್ಟಿ ಬಂದೆ. ಅವಳು ಬ್ಯಾಗುಗಳ ಪಕ್ಕದಲ್ಲಿ ಕಾದು ನಿಂತಿದ್ದಳು. ಅಂದು ಸಂಜೆ ಕಡಲ ಕಡೆಗೆ ಹೋಗೋಣವೇ ಎಂದು ಕೇಳಿದೆ. ಪೂರ್ತಿ ಚಂದ್ರನೇ ಬೇಕು, ಅರೆಬರೆ ಚಂದ್ರನನ್ನು ನೋಡಿ ನೀವು ತಕರಾರು ತೆಗೆಯುವುದು ಬೇಡ ಎಂದಳು.

ಮರುದಿನ ಸೂರ್ಯ ಇಳಿಯುವ ಹೊತ್ತಿಗೆ ಹೊರಟೆವು. ನಾನು ನಕ್ಷೆ ಬಿಚ್ಚುವ ಮೊದಲೇ ಅವಳು ನಡೆಯತೊಡಗಿದಳು. ಒಣಹಾಕಿದ ಬಲೆಗಳನ್ನು ದಾಟಿ, ಬಲಕ್ಕೆ ತಿರುಗಿ, ದೋಣಿಗಳು ನಿಲ್ಲುವ ದಕ್ಕೆಯ ಕಡೆಗೆ, ಹಿಂದಿನ ವಾರವಷ್ಟೇ ಬಂದುಹೋದವಳಂತೆ ನಡೆದಳು. ಇಲ್ಲಿ ಒಂದು ಗೋಡೆಯಿತ್ತು, ಗೋಡೆಯೊಳಗೆ ಅಕ್ಷರ ಕೆತ್ತಿದ ಕಲ್ಲಿತ್ತು ಎಂದಳು. ಗೋಡೆಯಿತ್ತು. ಸುಣ್ಣದ ಹಲವು ಪದರಗಳ ಅಡಿಯಲ್ಲಿ ಕಲ್ಲೂ ಇತ್ತು.

ಕಲ್ಲು ಕಂಡ ಕೂಡಲೇ ನನ್ನ ಕಾಲುಗಳು ಅತ್ತ ತಿರುಗಿದವು. ಅದರ ಮೇಲಿನ ವರ್ಷದ ಕೊನೆಯ ಅಂಕಿ ಸವೆದಿತ್ತು, ಮೂರೋ ಎಂಟೋ ತಿಳಿಯುತ್ತಿರಲಿಲ್ಲ. ಉಗುರಿನಿಂದ ಸುಣ್ಣ ಕೆರೆಯತೊಡಗಿದೆ. ಆಗ ಹಿಂದಿನಿಂದ ಯಾರೋ ನನ್ನ ಅಂಗಿಯ ತೋಳು ಹಿಡಿದು ಎಳೆದರು.

“ಆವತ್ತೂ ಹಿಂಗ ನಿಂತಿದ್ರಿ. ಒಂದು ತಾಸು. ನಾ ಕರದೆ, ಬರ್ರಿ ನೋಡ್ರಿ ಅಂತ. ಒಂದು ನಿಮಿಷ ಅಂದ್ರಿ. ಇವತ್ತರ ಅದಕ್ಕ ಬೆನ್ನು ಮಾಡ್ರಿ.”

ಬೆನ್ನು ಮಾಡಿದೆ. ಎದುರಿಗೆ ನೀರಿತ್ತು. ಕಿಸೆಯಿಂದ ದಿಕ್ಸೂಚಿ ತೆಗೆದೆ, ಮುಳ್ಳು ತೂಗಾಡಿ ನಿಂತಿತು. ನಾನು ನೋಡುತ್ತಿದ್ದುದು ಪೂರ್ವಕ್ಕೆ. ಓಖಾ ಪಶ್ಚಿಮ ತೀರದ ಊರು ನಿಜ, ಆದರೆ ಅದು ಕಡಲಿನೊಳಕ್ಕೆ ಚಾಚಿದ ಸಣ್ಣ ನಾಲಿಗೆ. ಅದರ ಪೂರ್ವಕ್ಕೂ ನೀರಿದೆ. ಶಾಲೆಯ ಹುಡುಗರ ಭೂಪಟದಲ್ಲಿಯೂ ಇದು ಕಾಣುತ್ತದೆ. ಅರಸರ ತಿಥಿಗಳನ್ನು ತಿದ್ದಿದ ನಾನು ಇಷ್ಟು ವರ್ಷ ಲೋಟ ಮತ್ತು ಕಿತ್ತಳೆಹಣ್ಣನ್ನು ನೋಡಿದೆ, ಭೂಪಟವನ್ನು ನೋಡಲಿಲ್ಲ. ಹಳೆಯ ದಿನಚರಿಯನ್ನು ಚೀಲದಲ್ಲಿ ತಂದಿದ್ದೆ. ಅಲ್ಲಿ ನನ್ನದೇ ಅಕ್ಷರದಲ್ಲಿ, ಸಂಜೆ ಆರರಿಂದ ಏಳರವರೆಗೆ ದಕ್ಕೆಯ ಗೋಡೆಯ ಕಲ್ಲು, ವರ್ಷ ಅಸ್ಪಷ್ಟ, ಎಂದಿತ್ತು. ಚಂದ್ರನ ಪ್ರಸ್ತಾಪವಿಲ್ಲದಿರಲು ಕಾರಣ ಚಂದ್ರನಲ್ಲ.

ಅಷ್ಟರಲ್ಲಿ ಅವನು ಬಂದ. ಮೊದಲು ಕೆಂಪು ಅಂಚು, ಆಮೇಲೆ ಅರ್ಧ, ಆಮೇಲೆ ಸಾವಕಾಶವಾಗಿ ಪೂರ್ತಿ, ನೀರಿನ ಮೇಲೆ ತಾಮ್ರವನ್ನು ಚೆಲ್ಲುತ್ತ. ತಾನು ಗೆದ್ದೆ ಎಂದು ಸುಮತಿ ಹೇಳಿಕೊಳ್ಳಲಿಲ್ಲ. ನನ್ನ ತೋಳನ್ನು ಹಿಡಿದ ಕೈ ಮಾತ್ರ ಹಾಗೆಯೇ ಇತ್ತು. ಇದು ಇನ್ನೂ ನನ್ನ ಹತ್ತಿರ ಐತಿ ಎಂದು ತನಗೆ ತಾನೇ ಹೇಳಿಕೊಂಡಳು.

ನೀರಿನಾಚೆ ಬೇಟದ್ವಾರಕೆಯ ದ್ವೀಪವು ತಗ್ಗಾದ ಕಪ್ಪು ಗೆರೆಯಂತೆ ಮಲಗಿದೆ. ಆದ್ದರಿಂದ ಖಚಿತವಾಗಿ ಹೇಳುವುದಾದರೆ ಚಂದ್ರ ಮೂಡಿದ್ದು ಸಮುದ್ರದಿಂದಲ್ಲ, ದ್ವೀಪದ ಹಿಂದಿನಿಂದ. ಈ ಅಡಿಟಿಪ್ಪಣಿ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿದೆ. ಓದುಗರು ಇದನ್ನು ಅವಳಿಗೆ ತಿಳಿಸಬಾರದೆಂದು ಕೋರುತ್ತೇನೆ.

ಖೋಲಿಗೆ ಮರಳಿ, ದಿನಚರಿ ತೆಗೆದು, ಇಷ್ಟು ವರ್ಷಗಳ ತಪ್ಪನ್ನು ತಿದ್ದುವ ದೃಢನಿರ್ಧಾರದಿಂದ ಬರೆಯಲು ಕುಳಿತೆ. ಓಖಾ, ದಕ್ಕೆ, ಸಂಜೆ, ಹುಣ್ಣಿಮೆಯ ಚಂದ್ರ ಪೂರ್ವದಲ್ಲಿ ಮೂಡಿದ್ದನ್ನು ನಾವಿಬ್ಬರೂ ಕಂಡೆವು. ಇಬ್ಬರೂ ಎಂಬ ಪದದ ಕೆಳಗೆ ಗೆರೆ ಎಳೆದೆ. ಮಾತ್ರೆ ನುಂಗಲು ನೀರು ತಂದ ಸುಮತಿ ನನ್ನ ಭುಜದ ಮೇಲಿನಿಂದ ಬಗ್ಗಿ ಓದಿ, ತಾರೀಖಿನ ಮೇಲೆ ಬೆರಳಿಟ್ಟಳು. ಅದು ನಿನ್ನೆಯ ತಾರೀಖು. ವಾರವೂ ನಿನ್ನೆಯದೇ, ಹುಣ್ಣಿಮೆ ಮಾತ್ರ ಇಂದಿನದು. ನನ್ನದೇ ನಿಯಮದ ಪ್ರಕಾರ ಆ ದಿನಚರಿ ಇನ್ನು ಮುಂದೆ ನಂಬಿಕೆಗೆ ಅರ್ಹವಲ್ಲ.

ಆ ಹೊತ್ತಿಗೆ ಸರಿಯಾಗಿ ಮೇಧಾಳ ಫೋನ್ ಬಂತು. ಚಂದ್ರ ಬಂದನೇ ಎಂದು ಕೇಳಿದಳು, ಆಮೇಲೆ ದನಿ ತಗ್ಗಿಸಿ, ಡಾಕ್ಟರ ಹತ್ತಿರ ಹೆಸರು ಬರೆಸಲೋ ಬೇಡವೋ ಎಂದಳು. ನಾನು ಸುಮತಿಯ ಮುಖ ನೋಡಿದೆ. ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಬರಸವಾ, ಇಬ್ಬರದೂ ಬರಸು. ಅಪ್ಪಂದು ಮೊದಲ. ನನ್ನ ಮರವು ಬರದಿಟ್ಟ ಅವರ ನೋಟ್‌ಬುಕ್ ನನ್ನ ಹಂತ್ಯಾಕ ಐತಿ, ಅದರಾಗ ಹಿಂದಿನ ಹಾಳಿ ಖಾಲಿ ಅದಾವು. ಇವತ್ತಿಂದ ಅವರದು ಶುರು ಮಾಡ್ತೀನಿ.”