ದಾರಿಯಲ್ಲಿ ಸಿಕ್ಕ ಬಾಯಿಗಳು

ಕಾಪುವಿನಿಂದ ಮಣಿಪಾಲಕ್ಕೆ ಇಪ್ಪತ್ತು ವರ್ಷಗಳಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ರಸ್ತೆ ಅಗಲವಾಯಿತು, ಬಸ್ಸುಗಳು ಹೊಸತಾದವು. ಜನರ ಬಾಯಿ ಮಾತ್ರ ವರ್ಷದಿಂದ ವರ್ಷಕ್ಕೆ ಕೆಡುತ್ತಲೇ ಉಂಟು. ಹೆಂಗಸೊಬ್ಬಳು ಒಂಟಿಯಾಗಿ ನಿಂತರೆ ಸಾಕು, ಏನಾದರೂ ಹೇಳದಿದ್ದರೆ ಕೆಲವು ಮಹಾಶಯರಿಗೆ ತಿಂದದ್ದು ಜೀರ್ಣವಾಗುವುದಿಲ್ಲ.

ಬುಟ್ಟಿ

ಮೀನು ಮಾರುವ ಹೆಂಗಸೊಬ್ಬರು ಮಾರಾಟ ಮುಗಿಸಿ, ಖಾಲಿ ಬುಟ್ಟಿಯೊಂದಿಗೆ ಉಡುಪಿಯಲ್ಲಿ ಬಸ್ ಹತ್ತಿದರು. ಇಸ್ತ್ರಿ ಮುರಿಯದ ಬಿಳಿ ಅಂಗಿಯವನೊಬ್ಬ ಮೂಗಿಗೆ ಕರವಸ್ತ್ರ ಒತ್ತಿಕೊಂಡ.

"ಥೂ, ಎಂತ ನಾತ! ಇಂಥವರನ್ನೆಲ್ಲ ಯಾಕೆ ಹತ್ತಿಸುವುದು? ಇಳಿ ಮಾರಾಯ್ತಿ."

ಬಸ್ಸಿಗೆ ಬಸ್ಸೇ ಕಿಟಕಿಯಾಚೆ ನೋಡಿತು, ನಾನೂ ಸೇರಿ. ಆ ಹೆಂಗಸು ಮಾತ್ರ ನಿಧಾನವಾಗಿ ಹೇಳಿದರು: "ಊಟಕ್ಕೆ ಕುಳಿತಾಗ ಇದೇ ನಾತವನ್ನು ಇನ್ನೊಂದು ತುಂಡು ಹಾಕು ಅಂತ ಕೇಳ್ತೀರಿ, ಅಲ್ವಾ ಅಣ್ಣಾ? ನನ್ನ ಬುಟ್ಟಿ ಸೋಪು ಹಾಕಿ ತೊಳೆದರೆ ಸರಿಯಾಗ್ತದೆ. ನಿಮ್ಮ ಬಾಯಿಗೆ ಎಂತ ಹಾಕುವುದು?"

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ತಲೆ ಎತ್ತದೆಯೇ ಅಂದ: "ಫಿನಾಯಿಲ್."

ಡ್ರಾಪ್

ಕಾರ್ಕಳದಲ್ಲಿರುವ ಅಕ್ಕನ ಮನೆಗೆ ಒಂದು ಚೀಲ ತೆಂಗಿನಕಾಯಿ ಒಯ್ಯುತ್ತಿದ್ದೆ. ಬಸ್ಸಿಳಿದು ನಿಂತಿದ್ದಾಗ ಬೈಕಿನಲ್ಲಿ ಇಬ್ಬರು ತರುಣರು ನನ್ನ ಸುತ್ತ ಎರಡು ಸುತ್ತು ಹೊಡೆದರು. "ಏನ್ ಆಂಟಿ, ಡ್ರಾಪ್ ಬೇಕಾ?" ಎಂದು ಮುಂದಿನವನು ಕಣ್ಣು ಹೊಡೆದ, ಹಿಂದಿನವನು ಕಿಸಿಕಿಸಿ ನಕ್ಕ.

ನಾನು ಗಟ್ಟಿಯಾಗಿ, "ಬೇಕು ಮಗಾ" ಎಂದೆ. "ನೀನು ಇಳಿ ಮಾರಾಯ, ನಡೆದುಕೊಂಡು ಬಾ" ಎಂದು ಹಿಂದಿನವನನ್ನು ಇಳಿಸಿ, ಚೀಲ ಸಮೇತ ಹತ್ತಿ ಕುಳಿತೆ. ಸುತ್ತಲಿನವರೆಲ್ಲ ನೋಡುತ್ತಿದ್ದರು, ಪಾಪ, ಮುಂದಿನವನಿಗೆ ಬೇರೆ ದಾರಿ ಇರಲಿಲ್ಲ. ಚೀಲವನ್ನು ಎರಡನೇ ಮಹಡಿಯಲ್ಲಿರುವ ಅಕ್ಕನ ಮನೆಗೂ ಅವನಿಂದಲೇ ಹೊರಿಸಿದೆ.

ಬೆವರು ಸುರಿಸುತ್ತಾ ನಿಂತವನನ್ನು ಕಂಡು ಅಕ್ಕ, "ಯಾರೇ ಇದು?" ಎಂದಳು.

"ದಾರಿಯಲ್ಲಿ ಸಿಕ್ಕಿದ. ಹೆಂಗಸರಿಗೆ ಸಹಾಯ ಮಾಡುವುದೆಂದರೆ ಇವನಿಗೆ ಭಾರೀ ಹುಚ್ಚಂತೆ."

"ಹೌದಾ? ಹಾಗಾದರೆ ಕೆಳಗೆ ಗ್ಯಾಸ್ ಸಿಲಿಂಡರ್ ಬಂದು ಕೂತಿದೆ, ಅದನ್ನೂ ತರಲಿ."

ತಂದ.

ಕಿವಿಮಾತು

ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಒಂದು ಸಂಜೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ, ಐವತ್ತು ದಾಟಿದ, ಹಣೆಗೆ ಗಂಧ ಹಚ್ಚಿದ ಸಭ್ಯರೊಬ್ಬರು ನನ್ನ ಪಕ್ಕಕ್ಕೇ ಬಂದು, ನನ್ನ ನಡಿಗೆಯ ಬಗ್ಗೆ ಕಿವಿಯಲ್ಲೊಂದು ಮಾತು ಹೇಳಿ, ಹೊರಟ ಬಸ್ಸಿಗೆ ಹಾರಿದರು. ಆ ಮಾತು ಇಲ್ಲಿ ಬರೆಯುವಂಥದ್ದಲ್ಲ. ನನಗೆ ಉತ್ತರ ಹೊಳೆಯುವಷ್ಟರಲ್ಲಿ ಬಸ್ ತಿರುವು ದಾಟಿತ್ತು. ಸಿಟ್ಟಿಗೆ ಅವತ್ತು ಊಟವೇ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಲ್ಯಾಬಿನ ಕುರ್ಚಿಯಲ್ಲಿ ಅದೇ ಸಭ್ಯರು! ಜೊತೆಗೆ ಹೆಂಡತಿ. ನನ್ನನ್ನು ಕಂಡದ್ದೇ ಅವರ ಮುಖ ಬಿಳುಚಿತು. ನಾನು ತೋಳಿಗೆ ಪಟ್ಟಿ ಬಿಗಿದು, ನಗುತ್ತಲೇ ಕೇಳಿದೆ:

"ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಎಂತದೋ ಹೇಳಿದಿರಲ್ಲ ಸರ್, ಸರಿಯಾಗಿ ಕೇಳಿಸಲಿಲ್ಲ. ಈಗ ಹೇಳಿ, ನಿಮ್ಮವರೂ ಕೇಳಲಿ."

"ಎಂತ ಹೇಳಿದ್ದು ನೀವು?" ಹೆಂಡತಿ ಅವರತ್ತ ತಿರುಗಿದರು.

ಸಭ್ಯರು ಕಣ್ಣು ಮೇಲೆ ಮಾಡಿ, ಕುರ್ಚಿಯಿಂದ ಹಾಗೇ ಜಾರಿದರು. ಇಬ್ಬರೂ ಸೇರಿ ಹಿಡಿದು ಮಲಗಿಸಿದೆವು.

ಮುಖಕ್ಕೆ ನೀರು ಚಿಮುಕಿಸುತ್ತಾ ಹೆಂಡತಿ ನಾಚಿಕೊಂಡು ಹೇಳಿದರು: "ಬೇಸರ ಮಾಡಬೇಡಿ ಆಯ್ತಾ. ಇವರಿಗೆ ಮೊದಲಿನಿಂದಲೂ ಸೂಜಿ ಕಂಡರೆ ಹೀಗೇ."

ಸೂಜಿ ಇನ್ನೂ ಪೊಟ್ಟಣದೊಳಗೇ ಇತ್ತು.